ಓಡಿಸಿದ ಜನ, ಉಳಿದ ನೀರು: ಬಿಸಿಲಲ್ಲಿ ಸ್ಪೇನಿನ 4 ಊರು

1/9 · ಹೊರಡೋ ಮುಂಚೆ

ಜುಲೈನಲ್ಲಿ ದಕ್ಷಿಣ ಸ್ಪೇನ್‌ಗೆ ಹೋಗಬೇಡ ಅಂತ ಎಲ್ಲರೂ ಹೇಳಿದ್ರು. ರೂಮ್‌ಮೇಟ್ ಹೇಳಿದ್ಲು, ಲ್ಯಾಬ್‌ನವರು ಹೇಳಿದ್ರು. ಟಿಕೆಟ್ ಅಷ್ಟು ಅಗ್ಗಕ್ಕೆ ಸಿಕ್ಕಾಗಲೇ ನನಗೂ ಅನುಮಾನ ಬರಬೇಕಿತ್ತು. ಆದ್ರೆ ನಾನು ನಕ್ಕೆ. ಬೀದರ್‌ನಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಪಿಯುಸಿ ಓದಿದವಳಿಗೆ ಯುರೋಪಿನವರು ಬಿಸಿಲಿನ ಪಾಠ ಹೇಳೋದಾ?

ಫೋನಲ್ಲಿ ಅವ್ವ ಒಂದೇ ಮಾತು ಹೇಳಿದಳು. "ಹನ್ನೆರಡರ ಮ್ಯಾಲ ಹೊರಗ ಬೀಳಬ್ಯಾಡ. ಬಿಸಿಲು ಎಲ್ಲಿದ್ರೂ ಬಿಸಿಲೇ."

"ಹೂಂ ಅವ್ವ" ಅಂದೆ. ಕೇಳಲಿಲ್ಲ. ಅದರ ಫಲ ಭಾಗ 3ರಲ್ಲಿ ಓದ್ತೀರಿ.

ಹತ್ತು ದಿನ, ಒಂದು ಬ್ಯಾಗು, ಒಬ್ಬಳೇ. ಸೆವಿಯಾ (ನಮ್ಮ ಪೇಪರ್‌ಗಳಲ್ಲಿ ಸೆವಿಲ್ಲೆ), ಕೊರ್ದೊಬಾ, ಗ್ರನಾದಾ, ವಲೆನ್ಸಿಯಾ. ಹೈಸ್ಕೂಲಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಇಸವಿ ನೆನಪಿದೆಯಾ? 1492, ಕೊಲಂಬಸ್, ಎರಡು ಮಾರ್ಕು. ಅದೇ ಇಸವಿಯಲ್ಲಿ, ಅದೇ ರಾಜ-ರಾಣಿ ಇನ್ನೇನು ಮಾಡಿದ್ರು ಅನ್ನೋದು ನಮ್ಮ ಪಾಠದಲ್ಲಿ ಇರಲಿಲ್ಲ. ಆ ಕಥೆ ಈ ನಾಲ್ಕೂ ಊರಿನ ಗೋಡೆ, ಕಾಲುವೆ, ಅಂಗಳಗಳಲ್ಲಿ ಇದೆ.

2/9 · ಸೆವಿಯಾ: ಬೀದಿಗೆ ಹೊದಿಸಿದ ಬಟ್ಟೆ

ಮೊದಲ ಫೋಟೋ ನೋಡಿ. ಸಿಯೆರ್ಪೆಸ್ ಅನ್ನೋ ಬೀದಿ. ಈ ಕಡೆ ಮಾಳಿಗೆಯಿಂದ ಆ ಕಡೆ ಮಾಳಿಗೆಗೆ ಬಿಳಿ ಬಟ್ಟೆ ಕಟ್ಟಿದ್ದಾರೆ, ಇಡೀ ಬೀದಿಗೆ ಚಪ್ಪರ ಹಾಕಿದ ಹಾಗೆ. ಅದಕ್ಕೆ ತೊಲ್ದೋ ಅಂತಾರೆ. ಬೇಸಿಗೆ ಬಂದರೆ ಕಟ್ಟೋದು, ಹೋದರೆ ಬಿಚ್ಚೋದು. ಪಕ್ಕದ ಸಾಂತಾ ಕ್ರೂಸ್ ಗಲ್ಲಿಗಳು ಇನ್ನೂ ಮಜಾ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗ್ತವೆ ಅನ್ನೋ ಅಷ್ಟು ಸಣ್ಣ. ಬಿಸಿಲು ನೆಲ ಮುಟ್ಟೋದು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ.

ಎಷ್ಟು ಚಂದ ಅಂತ ರೀಲ್ ಮಾಡ್ತಾ ಇದ್ದೆ. ಆಮೇಲೆ ಗೊತ್ತಾಯ್ತು, ಇದು ಯಹೂದಿಗಳ ಕೇರಿ ಆಗಿತ್ತು. 1391ರ ಜೂನ್‌ನಲ್ಲಿ, ಪಾದ್ರಿಯೊಬ್ಬನ ವರ್ಷಗಟ್ಟಲೆಯ ದ್ವೇಷದ ಪ್ರವಚನಗಳ ನಂತರ, ಜನ ಈ ಕೇರಿಗೆ ನುಗ್ಗಿ ಕೊಂದರು. ಉಳಿದವರಲ್ಲಿ ಬಹಳ ಮಂದಿ ಮತಾಂತರ ಆದರು. ರೀಲ್ ಪೋಸ್ಟ್ ಮಾಡಲಿಲ್ಲ.

ಇಲ್ಲಿನ ಅಲ್ಕಾಸರ್ ಅರಮನೆಗೆ ಹೋದರೆ ತಲೆ ಇನ್ನಷ್ಟು ತಿರುಗುತ್ತೆ. ಸೆವಿಯಾವನ್ನು ಕ್ರೈಸ್ತ ರಾಜರು ಗೆದ್ದದ್ದು 1248ರಲ್ಲಿ. ಈಗ ನಾವು ನೋಡೋ ಮುಖ್ಯ ಅರಮನೆ ಕಟ್ಟಿಸಿದ್ದು ಕ್ರೈಸ್ತ ದೊರೆ ಮೊದಲನೇ ಪೆದ್ರೋ, 1360ರ ದಶಕದಲ್ಲಿ. ಆದರೆ ಕೆತ್ತನೆ, ಟೈಲ್ಸು, ಅಂಗಳ, ನಡುವಿನ ನೀರಿನ ಕೊಳ, ಎಲ್ಲ ಮುಸ್ಲಿಂ ಕುಶಲಕರ್ಮಿಗಳ ಶೈಲಿ. ಕೆಲವರನ್ನ ಗ್ರನಾದಾದ ಸುಲ್ತಾನನೇ ಕಳಿಸಿಕೊಟ್ಟಿದ್ದ. ಗೋಡೆ ಮೇಲೆ ಅರಬಿ ಲಿಪಿಯಲ್ಲಿ ಪೆದ್ರೋನನ್ನ 'ಸುಲ್ತಾನ' ಅಂತ ಹೊಗಳಿದ್ದಾರೆ!

ಊರಿಗೆ ನೀರು ಬರ್ತಾ ಇದ್ದದ್ದೂ ಹೀಗೇ ಕೈಯಿಂದ ಕೈಗೆ. ರೋಮನ್ನರು ಕಟ್ಟಿದ ಕಾಲುವೆ ಹಾಳಾಗಿತ್ತು. 12ನೇ ಶತಮಾನದಲ್ಲಿ ಅಲ್ಮೊಹಾದ್ ದೊರೆಗಳು ಅದನ್ನ ಮತ್ತೆ ಕಟ್ಟಿದರು. ಆಮೇಲೆ ಬಂದ ಕ್ರೈಸ್ತರು ಅದನ್ನೇ ಬಳಸಿದರು, 1900ರ ನಂತರದವರೆಗೂ. ನೀರು ಯಾರ ಜಾತಿ-ಧರ್ಮವನ್ನೂ ಕೇಳಲಿಲ್ಲ. ಈ ಮಾತನ್ನ ಮುಂದಿನ ಊರುಗಳಿಗೆ ನೆನಪಿಟ್ಟುಕೊಳ್ಳಿ.

3/9 · ಕೊರ್ದೊಬಾ: ಅವ್ವನ ಮಾತು ಕೇಳದಿದ್ದರೆ

ಸ್ಪೇನಿನ ಅಧಿಕೃತ ಗರಿಷ್ಠ ತಾಪಮಾನ 47.6 ಡಿಗ್ರಿ. 2021ರ ಆಗಸ್ಟ್ 14ರಂದು ಲಾ ರಾಂಬ್ಲಾ ಅನ್ನೋ ಊರಲ್ಲಿ ದಾಖಲಾಗಿದ್ದು. ಆ ಊರು ಇರೋದು ಇದೇ ಕೊರ್ದೊಬಾ ಪ್ರಾಂತ್ಯದಲ್ಲಿ.

ನಾನು ಮಧ್ಯಾಹ್ನ ಮೂರಕ್ಕೆ ರೋಮನ್ ಸೇತುವೆ ದಾಟೋಕೆ ಹೊರಟೆ. ಖಾಲಿ ಸೇತುವೆ, ಒಳ್ಳೇ ಫೋಟೋ ಬರುತ್ತೆ ಅಂತ. ಖಾಲಿ ಯಾಕಿದೆ ಅಂತ ಯೋಚನೆ ಮಾಡಲಿಲ್ಲ. ಬಾಟ್ಲಿ ನೀರು ಬಿಸಿನೀರಾಗಿತ್ತು. ವಾಪಸ್ ಬರೋವಾಗ ಔಷಧಿ ಅಂಗಡಿಯ ಹಸಿರು ಬೋರ್ಡಲ್ಲಿ 44 ಅಂತ ಓಡ್ತಾ ಇತ್ತು. ಅಂಗಡಿ ಮಾತ್ರ ಮುಚ್ಚಿತ್ತು. ಎಲ್ಲ ಮುಚ್ಚಿತ್ತು. ಬೆವರು ನಿಂತುಹೋಗಿದೆ ಅಂತ ಗೊತ್ತಾದಾಗ ಭಯ ಆಯ್ತು. ಕಣ್ಣು ಕತ್ತಲೆ ಬಂತು. ಒಂದು ಮನೆಯ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟೆ.

ಬಾಗಿಲು ತೆರೆದವರು ಒಬ್ಬ ಅಜ್ಜಿ. ಒಂದು ಮಾತೂ ಕೇಳಲಿಲ್ಲ, ಕೈ ಹಿಡಿದು ಒಳಗೆ ಕರೆದುಕೊಂಡರು. ಕತ್ತಲೆ ನಡೆ, ಅದರಾಚೆ ಒಂದು ಅಂಗಳ. ಬಿಳಿ ಗೋಡೆ, ಗೋಡೆ ತುಂಬ ಗಿಡದ ಕುಂಡ, ನಡುವೆ ಬಾವಿ. ಆಗ ತಾನೇ ನೀರು ಚಿಮುಕಿಸಿದ ನೆಲ. ಹೊರಗಿಗೂ ಒಳಗಿಗೂ ಏನಿಲ್ಲ ಅಂದ್ರೂ ಹತ್ತು ಡಿಗ್ರಿ ವ್ಯತ್ಯಾಸ ಅನ್ನಿಸ್ತು. ಎಸಿ ಇರಲಿಲ್ಲ. ಮೂಲೆಯಲ್ಲಿ ಮಣ್ಣಿನ ಹೂಜಿ ಇತ್ತು, ನಮ್ಮೂರಿನದೇ ಥರ, ಮೈಯೆಲ್ಲ ಬೆವೆತಿತ್ತು. ಅದರ ನೀರು ಗುಟುಕು ಗುಟುಕಾಗಿ ಕುಡಿಸಿದರು. ಒದ್ದೆ ಬಟ್ಟೆ ಕತ್ತಿಗೆ ಹಾಕಿದರು.

ಆಮೇಲೆ ಬೈದರು. ಸ್ಪ್ಯಾನಿಷ್ ನನಗೆ ಅಷ್ಟಾಗಿ ಬರೋದಿಲ್ಲ, ಆದರೆ ಪೂರ್ತಿ ಅರ್ಥ ಆಯ್ತು. ಅವ್ವ ಬೈದಂಗೇ ಇತ್ತು.

4/9 · ಕೊರ್ದೊಬಾ: ಕಂಬಗಳ ಕಾಡು

ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ಮೆಸ್ಕೀತಾಕ್ಕೆ ಹೋದೆ (ಬುದ್ಧಿ ಬಂದಿತ್ತು). 780ರ ದಶಕದಲ್ಲಿ ಮೊದಲನೇ ಅಬ್ದ್ ಅಲ್-ರಹಮಾನ್ ಶುರು ಮಾಡಿಸಿದ ಮಸೀದಿ. ಮುಂದಿನ 200 ವರ್ಷ ಬೆಳೀತಾ ಹೋಯ್ತು. ಈಗಲೂ 850ಕ್ಕೂ ಹೆಚ್ಚು ಕಂಬಗಳಿವೆ. ಮೊದಲ ಕಂಬಗಳನ್ನ ಹಳೇ ರೋಮನ್, ವಿಸಿಗೋಥ್ ಕಟ್ಟಡಗಳಿಂದ ತಂದದ್ದು. ಎತ್ತರ ಸಾಲದೆ ಕಮಾನಿನ ಮೇಲೊಂದು ಕಮಾನು ಇಟ್ಟರು, ಕೆಂಪು-ಬಿಳಿ ಪಟ್ಟೆ. ಫೋಟೋ 4.

10ನೇ ಶತಮಾನದಲ್ಲಿ ಇದು ಯುರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದು. ತತ್ವಜ್ಞಾನಿ ಇಬ್ನ್ ರುಷ್ದ್ ಹುಟ್ಟಿದ್ದು ಇಲ್ಲಿ, 1126ರಲ್ಲಿ. ಯಹೂದಿ ಪಂಡಿತ, ವೈದ್ಯ ಮೈಮೊನಿಡಿಸ್ ಹುಟ್ಟಿದ್ದೂ ಇಲ್ಲೇ, ಸುಮಾರು ಹನ್ನೆರಡು ವರ್ಷದ ಅಂತರದಲ್ಲಿ.

ಹಾಗಂತ ಆ ಕಾಲವನ್ನ ಸ್ವರ್ಗ ಮಾಡಬೇಡಿ. ಅಲ್ಮೊಹಾದರು ಬಂದ ಮೇಲೆ ಮೈಮೊನಿಡಿಸ್ ಕುಟುಂಬ ಊರು ಬಿಡಬೇಕಾಯ್ತು. ಇಬ್ನ್ ರುಷ್ದ್‌ನನ್ನ 1195ರಲ್ಲಿ ಅವನದೇ ಧರ್ಮದ ದೊರೆ ಗಡಿಪಾರು ಮಾಡಿ, ಅವನ ಪುಸ್ತಕ ಸುಡಿಸಿದ. ಅಸಹನೆ ಒಂದೇ ಪಕ್ಷದ ಆಸ್ತಿ ಆಗಿರಲಿಲ್ಲ.

1236ರಲ್ಲಿ ಊರು ಕ್ರೈಸ್ತರ ಕೈಗೆ ಬಂತು, ಮಸೀದಿ ಚರ್ಚ್ ಆಯ್ತು. ಆದರೂ ಸುಮಾರು 300 ವರ್ಷ ಕಂಬಗಳ ಕಾಡನ್ನ ಹೆಚ್ಚು ಕೆಡವಲಿಲ್ಲ. 1523ರಲ್ಲಿ ನಡುವೆಯೇ ದೊಡ್ಡ ಕೆಥೆಡ್ರಲ್ ಎಬ್ಬಿಸೋಕೆ ಹೊರಟಾಗ ವಿರೋಧಿಸಿದವರು ಯಾರು ಗೊತ್ತಾ? ಕೊರ್ದೊಬಾದ ನಗರಸಭೆ. ಎಲ್ಲರೂ ಕ್ರೈಸ್ತರೇ. ಚಕ್ರವರ್ತಿ ಐದನೇ ಚಾರ್ಲ್ಸ್ ಅನುಮತಿ ಕೊಟ್ಟ, ಕೆಲಸ ನಡೀತು. ಆಮೇಲೆ ಬಂದು ನೋಡಿ ಅವನೇ ಪಶ್ಚಾತ್ತಾಪಪಟ್ಟ ಅನ್ನೋ ಕಥೆ ಊರಲ್ಲಿದೆ.

ಹೊರಗಿನ ಕಿತ್ತಳೆ ಅಂಗಳದಲ್ಲಿ ಮರದಿಂದ ಮರಕ್ಕೆ ಕಲ್ಲಿನ ಸಣ್ಣ ಕಾಲುವೆ ಹರಿಯುತ್ತೆ. ಅದರ ಅಂಚಲ್ಲಿ ಅರ್ಧ ಗಂಟೆ ಕೂತಿದ್ದೆ. ರಾತ್ರಿ ಊಟಕ್ಕೆ ಬದನೆಕಾಯಿ ಕರಿದು, ಕಬ್ಬಿನ ಪಾಕ ಹಾಕಿ ಕೊಟ್ಟರು. ಬದನೆಗೆ ಅಲ್ಲಿ ಬೆರೆನ್ಹೇನಾ ಅಂತಾರೆ. ಅರಬಿಯ ಬಾದಿಂಜಾನ್‌ನಿಂದ ಬಂದ ಪದ, ಅದು ಪರ್ಷಿಯನ್‌ನಿಂದ, ಅದು ನಮ್ಮ ಕಡೆಯಿಂದ. ನಮ್ಮ 'ಬದನೆ'ಯ ದೂರದ ನೆಂಟ. ಊಟ ಮಾಡ್ತಾ ಸಂಬಂಧಿಕರ ಮನೇಲಿ ಇದ್ದಂಗಾಯ್ತು.

5/9 · ಗ್ರನಾದಾ: ಗುಡ್ಡ ಹತ್ತಿದ ನೀರು

ಅಲ್ಹಂಬ್ರಾ ಫೋಟೋಗಳನ್ನ ನೀವೆಲ್ಲ ನೋಡೇ ಇರ್ತೀರಿ. ಹನ್ನೆರಡು ಸಿಂಹಗಳ ಕಾರಂಜಿ, ಕನ್ನಡಿಯಂಥ ಕೊಳ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಕೋಟೆ ಇರೋದು ಗುಡ್ಡದ ಮೇಲೆ, ನದಿ ಇರೋದು ಕೆಳಗೆ. ಪಂಪ್ ಇಲ್ಲದ ಕಾಲದಲ್ಲಿ ನೀರು ಮೇಲೆ ಹೋಗಿದ್ದು ಹೇಗೆ?

ಉತ್ತರ ಸರಳ, ಕೆಲಸ ಕಷ್ಟ. 1238ರಲ್ಲಿ ಇಲ್ಲಿ ಬಂದು ನೆಲೆಸಿದ ನಸ್ರಿದ್ ವಂಶದ ಮೊದಲ ದೊರೆ, ದಾರ್ರೋ ನದಿಯನ್ನ ಸುಮಾರು 6 ಕಿಲೋಮೀಟರ್ ಮೇಲ್ಗಡೆ, ಕೋಟೆಗಿಂತ ಎತ್ತರದ ಜಾಗದಲ್ಲಿ ತಡೆದು, ಗುಡ್ಡದ ಮೈಗುಂಟ ಕಾಲುವೆ ಕಡಿಸಿದ. ಇಳಿಜಾರು ಎಷ್ಟು ಕಡಿಮೆ ಅಂದ್ರೆ ನೀರು ನಡೀತಾ ಬರುತ್ತೆ, ಓಡೋದಿಲ್ಲ. ಹೆಸರು ಅಸೆಕಿಯಾ ರೆಯಾಲ್, ಅಂದ್ರೆ ರಾಜಕಾಲುವೆ.

ಇಲ್ಲಿ ನನಗೊಂದು ಹುಚ್ಚು ಹಿಡೀತು: ಪದಗಳನ್ನ ಬರೆದುಕೊಳ್ಳೋದು. ಕಾಲುವೆಗೆ ಅಸೆಕಿಯಾ, ಅರಬಿಯ ಸಾಕಿಯಾದಿಂದ. ಕೊಳಕ್ಕೆ ಅಲ್ಬೆರ್ಕಾ, ಅರಬಿಯ ಬಿರ್ಕಾದಿಂದ. ನೆಲದಡಿಯ ನೀರಿನ ತೊಟ್ಟಿಗೆ ಅಲ್ಹಿಬೆ, ಅರಬಿಯ ಜುಬ್ಬ್‌ನಿಂದ. ನೀರೆತ್ತೋ ಚಕ್ರಕ್ಕೆ ನೊರಿಯಾ, ಅರಬಿಯ ನಾಊರಾದಿಂದ. ಇವತ್ತಿನ ಸ್ಪ್ಯಾನಿಷ್ ರೈತ ನೀರಿನ ಬಗ್ಗೆ ಬಾಯಿ ಬಿಟ್ಟರೆ ಅರಬಿ ಬರುತ್ತೆ.

ಎದುರಿನ ಗುಡ್ಡ ಅಲ್ಬೈಸಿನ್. ಅಲ್ಲಿ ಚರ್ಚ್ ಪಕ್ಕ ಪಕ್ಕದಲ್ಲೇ ಹಳೇ ಅಲ್ಹಿಬೆಗಳು ಕಾಣ್ತವೆ. ಯಾಕಂದ್ರೆ ಆ ಚರ್ಚ್‌ಗಳು ಮೊದಲು ಮಸೀದಿಗಳು, ತೊಟ್ಟಿ ಮಸೀದಿಯದು.

6/9 · ಗ್ರನಾದಾ: ಕೊಟ್ಟ ಮಾತು

1491ರ ನವೆಂಬರ್‌ನಲ್ಲಿ ಒಪ್ಪಂದ ಆಯ್ತು. ಕೊನೆಯ ಸುಲ್ತಾನ ಬೋಅಬ್ದಿಲ್ ಊರು ಒಪ್ಪಿಸ್ತಾನೆ. ಬದಲಿಗೆ ರಾಣಿ ಇಸಬೆಲ್ಲಾ, ರಾಜ ಫರ್ಡಿನಾಂಡ್ ಮಾತು ಕೊಡ್ತಾರೆ: ನಿಮ್ಮ ಧರ್ಮ, ಮಸೀದಿ, ಕಾನೂನು, ಆಸ್ತಿ ನಿಮ್ಮದೇ. 1492ರ ಜನವರಿ 2ರಂದು ಕೋಟೆ ಕೈ ಬದಲಾಯ್ತು. ಮಾರ್ಚ್ 31ರಂದು ಅದೇ ಅಲ್ಹಂಬ್ರಾದಿಂದ ಯಹೂದಿಗಳನ್ನ ಹೊರಹಾಕೋ ಆಜ್ಞೆ ಹೊರಟಿತು. ಆಗಸ್ಟ್‌ನಲ್ಲಿ ಕೊಲಂಬಸ್ ಹಡಗು ಹತ್ತಿದ. ನಮಗೆ ಎರಡು ಮಾರ್ಕಿಗೆ ಸಿಕ್ಕಿದ್ದು ಈ ಕೊನೆಯ ಸಾಲು ಮಾತ್ರ.

ಮುಸ್ಲಿಮರಿಗೆ ಕೊಟ್ಟ ಮಾತು ಹತ್ತು ವರ್ಷ ಬಾಳಲಿಲ್ಲ. 1499ರಲ್ಲಿ ಬಂದ ಸಿಸ್ನೆರೋಸ್ ಅನ್ನೋ ಆರ್ಚ್‌ಬಿಷಪ್ ಒತ್ತಾಯದ ಮತಾಂತರ ಶುರು ಮಾಡಿದ. ಅರಬಿ ಪುಸ್ತಕಗಳನ್ನ ರಾಶಿ ಹಾಕಿ ಸುಟ್ಟರು. ಆದರೆ ವೈದ್ಯಕೀಯದ ಪುಸ್ತಕಗಳನ್ನ ಸುಡಲಿಲ್ಲ, ಎತ್ತಿಟ್ಟುಕೊಂಡರು. ಉಪಯೋಗಕ್ಕೆ ಬರೋದು ಬೇಕಿತ್ತು. 1502ರಲ್ಲಿ ಕ್ಯಾಸ್ಟೀಲ್ ರಾಜ್ಯದ ಎಲ್ಲ ಮುಸ್ಲಿಮರಿಗೂ ಆಜ್ಞೆ ಬಂತು: ಮತಾಂತರ ಆಗಿ, ಇಲ್ಲಾ ಹೊರಡಿ. ಹಾಗೆ ಕ್ರೈಸ್ತರಾದವರನ್ನ ಮೊರಿಸ್ಕೋಗಳು ಅಂತ ಕರೆದರು.

ಅಷ್ಟಕ್ಕೂ ಸಾಕಾಗಲಿಲ್ಲ. 1567ರಲ್ಲಿ ಎರಡನೇ ಫಿಲಿಪ್‌ನ ಕಾನೂನು: ಅರಬಿ ಉಡುಪು ನಿಷೇಧ. ಸಾರ್ವಜನಿಕ ಸ್ನಾನಗೃಹ ನಿಷೇಧ. ಮೂರು ವರ್ಷದಲ್ಲಿ ಎಲ್ಲರೂ ಕ್ಯಾಸ್ಟಿಲಿಯನ್ ಕಲೀಬೇಕು, ಆಮೇಲೆ ಮನೆಯೊಳಗೂ ಅರಬಿ ಆಡಕೂಡದು.

ಆಗ ಫ್ರಾನ್ಸಿಸ್ಕೋ ನೂನ್ಯೆಸ್ ಮುಲೇ ಅನ್ನೋ ವಯಸ್ಸಾದ ಮೊರಿಸ್ಕೋ ಒಬ್ಬರು ಒಂದು ಮನವಿ ಬರೆದರು. ನನ್ನ ಇಡೀ ಟ್ರಿಪ್‌ನಲ್ಲಿ ನನಗೆ ಅತಿ ಹತ್ತಿರ ಆದ ಮನುಷ್ಯ ಇವರೇ. ಅವರ ವಾದ ಎಷ್ಟು ಶಾಂತ, ಎಷ್ಟು ನೇರ ನೋಡಿ. ಉಡುಪು ಆಯಾ ನಾಡಿನದು, ಧರ್ಮದ್ದಲ್ಲ. ಸ್ನಾನಗೃಹ ಇರೋದು ಮೈ ತೊಳೆಯೋಕೆ. ಅರಬಿ ಆಡಿದವರೆಲ್ಲ ಮುಸ್ಲಿಮರಾದರೆ, ಅರಬಿಯಲ್ಲೇ ಪ್ರಾರ್ಥನೆ ಮಾಡೋ ಪೂರ್ವದೇಶದ ಕ್ರೈಸ್ತರು ಏನು? ಹುಟ್ಟಿದಾಗಿಂದ ಒಂದೇ ಭಾಷೆ ಗೊತ್ತಿರೋ ಮುದುಕರು ಮೂರು ವರ್ಷದಲ್ಲಿ ಇನ್ನೊಂದು ಭಾಷೆ ಹೇಗೆ ಕಲಿತಾರು?

ಯಾರೂ ಕೇಳಲಿಲ್ಲ. 1568ರ ಕೊನೆಗೆ ಅಲ್ಪುಹಾರಾಸ್ ಬೆಟ್ಟಗಳಲ್ಲಿ ದಂಗೆ ಎದ್ದಿತು. ಎರಡೂ ಕಡೆ ಕ್ರೌರ್ಯ. ದಂಗೆ ಅಡಗಿಸಿ, ಗ್ರನಾದಾದ ಮೊರಿಸ್ಕೋಗಳನ್ನ ಸಾವಿರಾರು ಸಂಖ್ಯೆಯಲ್ಲಿ ಸ್ಪೇನಿನ ಬೇರೆ ಬೇರೆ ಊರುಗಳಿಗೆ ಚದುರಿಸಿದರು.

ದಾರ್ರೋ ದಂಡೆಯ ಬನ್ಯುವೆಲೋ ಅನ್ನೋ ಹಳೇ ಸ್ನಾನಗೃಹ ಉಳಿದಿದೆ. ಚಾವಣಿಯಲ್ಲಿ ನಕ್ಷತ್ರದ ಆಕಾರದ ಕಿಂಡಿಗಳು. ಫೋಟೋ 6. ಒಳಗೆ ತಂಪು, ನೀರಿಲ್ಲ.

7/9 · ವಲೆನ್ಸಿಯಾ: ನೂರಕ್ಕೆ ಆರು

ರಾತ್ರಿ ಬಸ್ಸಲ್ಲಿ ವಲೆನ್ಸಿಯಾ. ಇಲ್ಲಿ ಬಿಸಿಲು ಕಡಿಮೆ, ಬೆವರು ಜಾಸ್ತಿ. ಮಂಗಳೂರಿನವರಿಗೆ ಅರ್ಥ ಆಗುತ್ತೆ.

ಊರಿನ ಸುತ್ತ ಹೊಲ-ತೋಟಗಳ ಬಯಲು ಇದೆ. ತುರಿಯಾ ನದಿಯ ನೀರನ್ನ ಕಾಲುವೆಗಳಲ್ಲಿ ಹಂಚಿಕೊಂಡು ಬೆಳೆಯೋದು. ಹತ್ತಿರದ ಅಲ್ಬುಫೆರಾ ಸರೋವರದ ಸುತ್ತ ಭತ್ತದ ಗದ್ದೆಗಳು. ನಮ್ಮ ಗಂಗಾವತಿ ನೆನಪಾಯ್ತು. 1238ರಲ್ಲಿ ದೊರೆ ಮೊದಲನೇ ಹೈಮೆ ಈ ಊರು ಗೆದ್ದಾಗ ಕಾಲುವೆಗಳನ್ನ ಮುಟ್ಟಲಿಲ್ಲ. ಮುಸ್ಲಿಮರ ಕಾಲದಲ್ಲಿ ನೀರು ಹೇಗೆ ಹಂಚ್ತಾ ಇದ್ದರೋ ಹಾಗೇ ನಡೀಲಿ ಅಂತ ಕಾನೂನಲ್ಲೇ ಬರೆಸಿದ.

ಮುಂದೆ 1609. ಮೂರನೇ ಫಿಲಿಪ್ ದೊರೆ ಸ್ಪೇನಿನ ಎಲ್ಲ ಮೊರಿಸ್ಕೋಗಳನ್ನ ದೇಶದಿಂದಲೇ ಹೊರಹಾಕೋಕೆ ತೀರ್ಮಾನಿಸಿದ. ನೆನಪಿಡಿ, ಇವರಿಗೆ ದೀಕ್ಷಾಸ್ನಾನ ಆಗಿ ಮೂರು-ನಾಲ್ಕು ತಲೆಮಾರು ಕಳೆದಿತ್ತು. ಸೆಪ್ಟೆಂಬರ್ 22ರಂದು ಮೊದಲು ವಲೆನ್ಸಿಯಾದಲ್ಲಿ ಡಂಗುರ ಸಾರಿದರು: ಮೂರು ದಿನ ಟೈಮು, ಕೈಲಿ ಹೊರೋಷ್ಟು ಸಾಮಾನು, ಬಂದರಿಗೆ ಬನ್ನಿ. 1614ರ ಹೊತ್ತಿಗೆ ಸ್ಪೇನಿನಿಂದ ಸುಮಾರು 3 ಲಕ್ಷ ಜನ ಹೋದರು. ವಲೆನ್ಸಿಯಾ ರಾಜ್ಯದ ಮೂರನೇ ಒಂದು ಪಾಲು ಜನ ಖಾಲಿ.

ಆ ಆಜ್ಞೆಯಲ್ಲಿ ಒಂದು ಕಲಂ ಇದೆ. ಅದನ್ನ ಓದಿದಾಗ ಮೈ ಜುಮ್ ಅಂತು. ನೂರು ಮನೆಗೆ ಆರು ಮನೆಯವರು ಉಳಿಯಬಹುದು. ಯಾಕೆ? ಮನೆಗಳನ್ನ, ಕಬ್ಬಿನ ಆಲೆಗಳನ್ನ, ಭತ್ತದ ಬೆಳೆಯನ್ನ, ನೀರಾವರಿಯನ್ನ ಕಾಪಾಡೋಕೆ. ಹೊಸದಾಗಿ ಬರೋ ಜನಕ್ಕೆ ಕಲಿಸಿಕೊಡೋಕೆ.

ಅಂದ್ರೆ ಅವರಿಗೆ ಗೊತ್ತಿತ್ತು. ಈ ಜನ ಹೋದರೆ ನೀರು ನಿಲ್ಲುತ್ತೆ ಅಂತ ಆಜ್ಞೆ ಬರೆದವರಿಗೇ ಗೊತ್ತಿತ್ತು. ಗ್ರನಾದಾದಲ್ಲಿ ವೈದ್ಯದ ಪುಸ್ತಕ ಎತ್ತಿಟ್ಟು ಉಳಿದದ್ದನ್ನ ಸುಟ್ಟ ಹಾಗೆ, ಇಲ್ಲಿ ವಿದ್ಯೆ ಬೇಕು, ಮನುಷ್ಯರು ಬೇಡ. ಸೇಡು, ಭಯ, ಧರ್ಮ, ರಾಜಕೀಯ, ಕಾರಣ ನೂರು ಹೇಳಬಹುದು. ಆದರೆ ಅಜ್ಞಾನದಿಂದ ಆಗಿಹೋಯ್ತು ಅಂತ ಮಾತ್ರ ಹೇಳೋಕೆ ಆಗಲ್ಲ. ಆ ಒಂದು ಕಲಂ ಆ ನೆಪವನ್ನ ಕಿತ್ತುಕೊಳ್ಳುತ್ತೆ.

8/9 · ವಲೆನ್ಸಿಯಾ: ಗುರುವಾರ ಮಧ್ಯಾಹ್ನ ಹನ್ನೆರಡು

ಗುರುವಾರ ಇಲ್ಲಿರಬೇಕು ಅಂತಲೇ ಪ್ಲ್ಯಾನ್ ಮಾಡಿದ್ದೆ. ಕೆಥೆಡ್ರಲ್‌ನ ಅಪೊಸ್ತಲರ ಬಾಗಿಲ ಹೊರಗೆ ಅರ್ಧ ವೃತ್ತದಲ್ಲಿ ಕುರ್ಚಿ ಹಾಕ್ತಾರೆ. ಹನ್ನೆರಡು ಹೊಡೆದ ಕೂಡಲೇ ಕಪ್ಪು ನಿಲುವಂಗಿ ಹಾಕಿದ ಎಂಟು ಮಂದಿ ಬಂದು ಕೂರ್ತಾರೆ. ಜಡ್ಜ್‌ಗಳಲ್ಲ, ರೈತರು. ಒಂದೊಂದು ಕಾಲುವೆಯಿಂದ ಆಯ್ಕೆಯಾಗಿ ಬಂದವರು. ಇದು ನೀರಿನ ನ್ಯಾಯಾಲಯ.

ಒಬ್ಬ ಸಿಬ್ಬಂದಿ ಎದ್ದು ನಿಂತು ಒಂದೊಂದೇ ಕಾಲುವೆಯ ಹೆಸರು ಕೂಗಿ ದೂರು ಇದೆಯಾ ಅಂತ ಕೇಳ್ತಾನೆ. ಪಾಳಿ ಮೀರಿ ನೀರು ಬಿಟ್ಟುಕೊಂಡರೆ, ಕಾಲುವೆ ಹೂಳು ತೆಗೆಯದಿದ್ದರೆ ಇಲ್ಲಿ ದೂರು. ವಿಚಾರಣೆ ಎಲ್ಲ ಬಾಯಿಮಾತಲ್ಲಿ, ವಲೆನ್ಸಿಯನ್ ಭಾಷೆಯಲ್ಲಿ, ಲಾಯರ್ ಇಲ್ಲದೆ. ತೀರ್ಪು ಅಲ್ಲೇ. 2009ರಲ್ಲಿ ಯುನೆಸ್ಕೋ ಇದನ್ನ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಪದ್ಧತಿ ಖಲೀಫರ ಕಾಲದಿಂದ ಬಂದದ್ದು ಅಂತ ಊರಿನವರ ನಂಬಿಕೆ. ಕೆಥೆಡ್ರಲ್ ಜಾಗದಲ್ಲಿ ಮೊದಲು ದೊಡ್ಡ ಮಸೀದಿ ಇತ್ತು. ಚರ್ಚ್ ಆದ ಮೇಲೆ ಮುಸ್ಲಿಂ ರೈತರು ಒಳಗೆ ಬರುವಂತಿರಲಿಲ್ಲ, ಅದಕ್ಕೇ ನ್ಯಾಯ ಹೊಸ್ತಿಲ ಹೊರಗೆ ನಡೀತು ಅಂತಾರೆ.

ನಾನು ಹೋದ ದಿನ ಎಂಟೂ ಹೆಸರು ಕೂಗಿದ್ರು. ಯಾರೂ ದೂರು ಹೇಳಲಿಲ್ಲ. ಐದೇ ನಿಮಿಷಕ್ಕೆ ಮುಗೀತು. ಟೂರಿಸ್ಟ್‌ಗಳು "ಇಷ್ಟೇನಾ?" ಅಂತ ಚದುರಿದ್ರು. ನಾನು ಅಲ್ಲೇ ನಿಂತಿದ್ದೆ. ದೂರೇ ಇಲ್ಲದ ಕೋರ್ಟು! ನಮ್ಮ ಕಡೆ ಕಾಲುವೆಯ ಕೊನೇ ಭಾಗದ ರೈತರು ನೀರಿಗಾಗಿ ಕಾಯೋದನ್ನ ನೋಡಿದವಳಿಗೆ ಆ ಐದು ನಿಮಿಷ ಸಣ್ಣದು ಅನ್ನಿಸಲಿಲ್ಲ.

9/9 · ಬೀದರ್

2022ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಸೆಕೆಯಿಂದ ಸತ್ತವರು 60 ಸಾವಿರಕ್ಕೂ ಹೆಚ್ಚು ಅಂತ ಸಂಶೋಧಕರ ಅಂದಾಜು. ಅದೇ ಜುಲೈನಲ್ಲಿ ಸೆವಿಯಾ ಒಂದು ಬಿಸಿಗಾಳಿಗೆ ಹೆಸರಿಟ್ಟಿತು, ಚಂಡಮಾರುತಕ್ಕೆ ಇಡೋ ಹಾಗೆ: 'ಜೋಯೆ'. ಜಗತ್ತಲ್ಲೇ ಮೊದಲು. ಅದೇ ಊರಿನ ಕಾರ್ತೂಹಾ ದ್ವೀಪದಲ್ಲಿ ಈಗ ನೆಲದಡಿಯ ನೀರು-ಗಾಳಿಯಿಂದ ಬೀದಿ ತಂಪು ಮಾಡೋ ಪ್ರಯೋಗ ನಡೆದಿದೆ. ಅದಕ್ಕೆ ಅವರು ಇಟ್ಟ ಹೆಸರಲ್ಲಿ 'ಕನಾತ್' ಅನ್ನೋ ಪದ ಇದೆ. ಗ್ರನಾದಾ ವಿಶ್ವವಿದ್ಯಾಲಯದವರು ಊರವರನ್ನ, ಸ್ವಯಂಸೇವಕರನ್ನ ಕಟ್ಟಿಕೊಂಡು ಬೆಟ್ಟದ ಹಳೇ ಅಸೆಕಿಯಾಗಳ ಹೂಳು ತೆಗೀತಿದ್ದಾರೆ. ಬಿಸಿಲು ಹೆಚ್ಚಾದ ಹಾಗೆ, ಓಡಿಸಿದವರ ವಿದ್ಯೆಯನ್ನ ಮತ್ತೆ ಹುಡುಕ್ತಿದ್ದಾರೆ.

ಕನಾತ್ ಅಂದ್ರೆ ಏನು ಅಂತ ಗೂಗಲ್ ಮಾಡಿದೆ. ಪರ್ಷಿಯಾದಲ್ಲಿ ಹುಟ್ಟಿದ ತಂತ್ರ. ಅಂತರ್ಜಲ ಇರೋ ಎತ್ತರದ ಜಾಗದಿಂದ ನೆಲದಡಿ ಸುರಂಗ, ಮೇಲಿಂದ ಸಾಲಾಗಿ ಬಾವಿಗಳು, ಪಂಪಿಲ್ಲದೆ ನೀರು ಹರಿದು ಊರು ಸೇರುತ್ತೆ. ಅರಬರ ಜೊತೆ ಪಶ್ಚಿಮಕ್ಕೆ ಹೋಗಿ ಸ್ಪೇನ್ ಸೇರಿತು. ಪೂರ್ವಕ್ಕೆ ಬಂದು ದಖ್ಖನ್ ಸೇರಿತು. ಉದಾಹರಣೆ ಅಂತ ಒಂದು ಫೋಟೋ ಇತ್ತು. ಕೆಳಗೆ ಬರೆದಿತ್ತು: ನೌಬಾದ್, ಬೀದರ್.

ನಮ್ಮೂರು! ಬಹಮನಿ ಕಾಲದ ಕರೇಜ್. ಅದರ ಬಾವಿಯ ಪಕ್ಕ ಎಷ್ಟು ಸಲ ಸ್ಕೂಟಿಯಲ್ಲಿ ಹೋಗಿದ್ದೀನೋ. ಹಾಳು ಬಾವಿ ಅಂದುಕೊಂಡಿದ್ದೆ. ಅದನ್ನ ನೋಡೋಕೆ ಸಾವಿರಾರು ಕಿಲೋಮೀಟರ್ ದೂರ ಹೋಗಬೇಕಾಯ್ತು.

ಆ ರಾತ್ರಿ ಅವ್ವಗೆ ಫೋನ್ ಮಾಡಿ ಪದಗಳ ಪಟ್ಟಿ ಓದಿದೆ: ಅಸೆಕಿಯಾ, ಅಲ್ಬೆರ್ಕಾ, ಅಲ್ಹಿಬೆ. "ನಮ್ಮ ಮನ್ಯಾಗ ನೀರು ತುಂಬೋ ತೊಟ್ಟಿಗಿ ಏನಂತೀವಿ ಅವ್ವ?"

"ಹೌದ."

"ಅದು ಅರಬಿ ಪದ, ಗೊತ್ತದೇನು?"

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಮ್ಮ ಅಮ್ಮನೂ ಹೌದ ಅಂತಿದ್ಲು. ಅವರಮ್ಮನೂ ಹೌದ ಅಂತಿದ್ಲು. ಯಾರದ್ದಾದ್ರೇನು, ನೀರು ತುಂಬಿದ್ರ ಆಯ್ತು. ಉಂಡಿಯೇನು?"

ಊರಿಗೆ ಬಂದ ಮೇಲೆ ಮೊದಲ ಭಾನುವಾರ ನೌಬಾದ್‌ಗೆ ಹೋಗ್ತಿದ್ದೀನಿ, ಬೆಳಿಗ್ಗೆ ಏಳಕ್ಕೆ. ಬರೋರು ಕಾಮೆಂಟ್ ಮಾಡಿ. ಬರೋಕೆ ಆಗದವರು ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ನೀರಿನ ತೊಟ್ಟಿ, ಬಾವಿ, ಕಾಲುವೆಗೆ ಏನಂತಾರೆ ಅಂತ ಬರೀರಿ. ಅಜ್ಜಿ ಇದ್ದರೆ ಅಜ್ಜಿನ ಕೇಳಿ ಬರೀರಿ. ನಾನು ಪಟ್ಟಿ ಮಾಡ್ತಿದ್ದೀನಿ.

ಮತ್ತೆ ದಯವಿಟ್ಟು, ಹನ್ನೆರಡರ ಮೇಲೆ ಹೊರಗೆ ಬೀಳಬೇಡಿ.